ಜೋಸೆಫರ ಹಬ್ಬದ ದಿನ ಎರಡು ಕರಣೆ

ಹೋದ ವಾರ ಪಿರಿಯಾಪಟ್ಟಣದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಮನೆಯೊಂದರ ಮುಂದೆ ಹಾದುಹೋಗುವಾಗ ಯಾರೋ ಗೋಡೆಗೆ ನೀರು ಹೊಡೆಯುತ್ತಿದ್ದರು. ಹಸಿ ಸಿಮೆಂಟಿನ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಿಕ್ಕಮ್ಮ ಎದುರಿಗೇ ಬಂದು ನಿಂತಂತಾಯಿತು...

ಅವರು ಚರ್ಚಿಗೆ ಹೋಗುವವರು, ನಾವು ಮಾದಪ್ಪ ದೇವರ ಒಕ್ಕಲು. ಆದರೂ ಎರಡು ಮನೆಯ ಸಾರು ಅತ್ತಿಂದಿತ್ತ ಓಡಾಡುತ್ತಿತ್ತು. ಅವರ ಗಂಡ ಗಾರೆ ಮೇಸ್ತ್ರಿ. ಚಿಕ್ಕಮ್ಮ ಗಂಡನ ಹಿಂದೆ ಗಾರೆ ತುಂಬಿದ ಬಾಂಡ್ಲಿ ಹೊರುತ್ತಿದ್ದರು. ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ನಾನೂ ಹೊತ್ತೆ. ನನ್ನನ್ನು ಮುಂದೆ ಓದಿಸುವುದೋ, ಮದುವೆ ಮಾಡುವುದೋ ಅಂತ ಮನೆಯಲ್ಲಿ ಮಾತು ನಡೆದಿತ್ತು. ಓದುವ ಆಸೆಯನ್ನು ನಾನು ಚಿಕ್ಕಮ್ಮನ ಹತ್ತಿರ ಮಾತ್ರ ಹೇಳಿಕೊಂಡಿದ್ದೆ. ಆ ಕೆಲಸದಲ್ಲಿ ಒಂದು ಕಟ್ಟುಪಾಡು: ಹೆಂಗಸರ ತಲೆಗೆ ಬಾಂಡ್ಲಿ, ಗಂಡಸರ ಕೈಗೆ ಕರಣೆ. ಗೋಡೆಗೆ ಗಾರೆ ಬಳಿಯುವ ಆ ಕರಣೆಯನ್ನು ಹೆಂಗಸರು ತೊಳೆದುಕೊಡಬಹುದಿತ್ತು, ಅಷ್ಟೇ.

ಮಧ್ಯಾಹ್ನ ಉಂಡು ಮೇಸ್ತ್ರಿ ಒರಗಿದರೆ ಸಾಕು, ಚಿಕ್ಕಮ್ಮ ಅವರ ಕರಣೆ ಎತ್ತಿಕೊಂಡು ಕಟ್ಟುತ್ತಿದ್ದ ಮನೆಯ ಬಚ್ಚಲಿಗೆ ನುಗ್ಗುತ್ತಿದ್ದರು. ಯಾರ ಕಣ್ಣಿಗೂ ಬೀಳದ ಒಳಗೋಡೆಗಳ ಮೇಲೆಯೇ ಕೆಲಸ ಕಲಿತರು. ಬಾಗಿಲಲ್ಲಿ ನಾನು ಕಾವಲು.

ಮೇ ಒಂದನೇ ತಾರೀಖು ಅವರಿಗೆ ಕೆಲಸಗಾರರ ಸಂತ ಜೋಸೆಫರ ಹಬ್ಬ. ಸಂತರು ಬಡಗಿಯಾಗಿದ್ದವರಂತೆ. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಗಂಡಸರೆಲ್ಲ ಉಳಿ, ಸುತ್ತಿಗೆ, ಸ್ಪ್ಯಾನರ್ ಅಂತ ತಂತಮ್ಮ ಸಲಕರಣೆ ತಂದು ಮೇಜಿನ ಮೇಲಿಡುತ್ತಿದ್ದರು. ಫಾದರ್ ಮಂತ್ರಿಸಿದ ನೀರು ಚಿಮುಕಿಸುತ್ತಿದ್ದರು, ನಮ್ಮ ಆಯುಧಪೂಜೆಯ ಹಾಗೆ. ಆ ವರ್ಷ ಚಿಕ್ಕಮ್ಮ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮೇಸ್ತ್ರಿ ಕರಣೆ ಇಟ್ಟು ಹಿಂದೆ ಸರಿದರು. ಚಿಕ್ಕಮ್ಮ ಸೆರಗಿನೊಳಗಿಂದ ಹೊಚ್ಚ ಹೊಸ ಕರಣೆ ತೆಗೆದು ಅದರ ಪಕ್ಕದಲ್ಲಿಟ್ಟರು.

"ಇದ್ಯಾರ್ದೇ?" ಅಂದರು ಮೇಸ್ತ್ರಿ.

"ನಂದೇ."

"ನೀನು ಬಾಂಡ್ಲಿ ತಂದಿಡ್ಬೇಕಿತ್ತು ಕಣೇ!"

ಗಂಡಸರು ಗೊಳ್ಳೆಂದರು. ಚಿಕ್ಕಮ್ಮನ ಮುಖ ಸಣ್ಣದಾಯಿತು. ಎಲ್ಲಿ ವಾಪಸ್ ತೆಗೆದುಕೊಂಡುಬಿಡುತ್ತಾರೋ ಅಂದುಕೊಂಡೆ. ತೆಗೆಯಲಿಲ್ಲ. ಗಂಡನ ಕಡೆ ತಿರುಗಿದರು.

"ಮೊನ್ನೆ ಫಾದರ್ ಮನೆ ಬಚ್ಚಲು ಗೋಡೆ ಕನ್ನಡಿ ಇದ್ದಂಗೈತೆ ಅಂತ ಒಗಳುಸ್ಕಂಡ್ರಲ್ಲ, ಅದ್ಯಾರ್ ಮಾಡಿದ್ದು ಯೋಳಿ. ಸಂತರ ಮುಂದೆ ನಿಂತಿದ್ದೀರಿ, ಸುಳ್ಳಾಡ್ಬ್ಯಾಡಿ."

ಮೇಸ್ತ್ರಿ ಕಿವಿ ಕೆರೆದುಕೊಂಡರು. ಫಾದರ್ ಮುಖ ನೋಡಿದರು, ನೆಲ ನೋಡಿದರು.

"ಇವ್ಳೇ ಫಾದರ್... ನಾನು ಉಂಡು ಮನೀಕಂಡಿದ್ದೆ."

ಈ ಸಲ ನಗು ಮೇಸ್ತ್ರಿಯ ಕಡೆ ತಿರುಗಿತು. ಫಾದರ್ ತಾವೂ ನಗುತ್ತಲೇ ಎರಡು ಕರಣೆಗೂ ನೀರು ಚಿಮುಕಿಸಿದರು.

ಮಾರನೇ ದಿನ ಹತ್ತಿರದ ಕೊಪ್ಪದಲ್ಲಿ ಹಿಡಿದಿದ್ದ ಮನೆ ಕೆಲಸದಲ್ಲಿ ಮೇಸ್ತ್ರಿ ರಸ್ತೆ ಕಡೆಯ ಗೋಡೆಯನ್ನೇ ಹೆಂಡತಿಗೆ ಬಿಟ್ಟರು. ದಾರಿಹೋಕರು ನಿಂತು ನಿಂತು ನೋಡಿದರು. ಬಾಂಡ್ಲಿ ಎತ್ತಿಕೊಡುತ್ತಿದ್ದ ನನಗೆ ಚಿಕ್ಕಮ್ಮ ಮೇಲಿಂದಲೇ ಅಂದರು: "ನೋಡ್ಲಿ ಬುಡವ್ವ. ನೀನೂ ನಿಮ್ಮಪ್ಪಂಗೆ ಬಾಯ್ಬುಟ್ಟು ಯೋಳು, ಓದ್ತೀನಿ ಅಂತ. ಒಳ್ಗೊಳ್ಗೇ ಅತ್ರೆ ಯಾರ್ಗ್ ಗೊತ್ತಾಯ್ತದೆ?"

ಹೇಳಿದೆ. ಮನೆಯಲ್ಲಿ ಎರಡು ದಿನ ರಂಪವಾಯಿತು. ಆಮೇಲೆ ಹುಣಸೂರಿನ ಕಾಲೇಜು, ಬಸ್ಸಿನಲ್ಲಿ ನಿಂತುಕೊಂಡೇ ಮೂರು ವರ್ಷ... ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಚಿಕ್ಕಮ್ಮ ತೀರಿಕೊಂಡು ಎರಡು ವರ್ಷವಾಯಿತು. ಆಗ ನಾನು ಊರಲ್ಲಿರಲಿಲ್ಲ. ಮಣ್ಣಿಗೂ ಹೋಗಲಾಗಲಿಲ್ಲ, ಆ ಕೊರಗು ಹೋಗುವುದಿಲ್ಲ. ವಾಸನೆ ಬಂದ ದಿನ ಅಲ್ಲಿಂದ ನೇರ ಮೇಸ್ತ್ರಿಯ ಮನೆಗೆ ಹೋದೆ. ಅವರು, "ಗಾರೆ ಬಳ್ಯದ್ರಲ್ಲಿ ಅವ್ಳ ಕೈ ನಂಗ್ ಬರ್ನಿಲ್ಲ ಕಣವ್ವ" ಅಂದರು.

ಈಗ ಇಬ್ಬರು ಹೆಣ್ಣುಮಕ್ಕಳು ಅವರ ಹತ್ತಿರ ಕೆಲಸ ಕಲಿಯುತ್ತಿದ್ದಾರೆ. ಮೊದಲು ಬಚ್ಚಲಲ್ಲಿ ಅವರ ಕೈ ಪಳಗಿಸುತ್ತೀರಾ ಅಂತ ಮೇಸ್ತ್ರಿಯನ್ನು ಕೇಳಿದೆ.

"ಅದ್ಯಾಕೆ? ಬೀದಿ ಗೋಡೆಯಿಂದ್ಲೇ ಸುರು ಮಾಡುಸ್ತೀನಿ."