ಸಾಂಬ್ರಾಣಿಗೆ ಮೊದಲು ನೀರು

ಇವತ್ತು ನನ್ನ ಮೂರನೇ ಕ್ಲಾಸಿನ ಮಕ್ಕಳು ನನಗೇ ಪಾಠ ಮಾಡಿದರು ಕಣ್ರಪ್ಪ.

ಬಿಳಿಕೆರೆ ಹತ್ತಿರದ ನಮ್ಮ ಸ್ಕೂಲಲ್ಲಿ ಕ್ರಿಸ್‌ಮಸ್ ನಾಟಕದ ರಿಹರ್ಸಲ್ ನಡೀತಿತ್ತು. ಯೇಸು ಹುಟ್ಟಿದ ಕೊಟ್ಟಿಗೆಗೆ ಮೂವರು ಜ್ಞಾನಿಗಳು ಕಾಣಿಕೆ ತರೋ ದೃಶ್ಯ. ಮೊದಲನೆಯವನು ಚಿನ್ನ ಕೊಟ್ಟ. ಎರಡನೆಯವನು ಪ್ರೀತಮ್, "ತಗೋ ತಾಯಿ, ಸಾಂಬ್ರಾಣಿ" ಅಂದ. ಮೇರಿಯಾಗಿದ್ದ ಚಂದನ ಕೈ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವಳ ಮನೇಲಿ ಈಗ ತಾನೇ ತಮ್ಮ ಹುಟ್ಟಿದ್ದಾನೆ.

"ಕೂಸ್ಗೆ ಇನ್ನೂ ನೀರೇ ಉಯ್ದಿಲ್ಲ, ಆಗ್ಲೇ ಎಂಗ್ಲಾ ಸಾಂಬ್ರಾಣಿ ಆಕದು?" ಅಂತ ಗದರಿಬಿಟ್ಟಳು.

"ನಾಟಕ ಮುಂದುವರಿಸಮ್ಮ" ಅಂದೆ ನಾನು.

"ಇರಿ ಮಿಸ್, ನೀರುಯ್ದು ಆಮೇಲೆ ಸಾಂಬ್ರಾಣಿ ಆಕ್ದಿದ್ರೆ ಕೂಸ್ಗೆ ಶೀತ ಆಯ್ತದೆ!"

ಕಾಲು ನೀಡಿ ಕೂತಳು. ಯೇಸುವಾಗಿದ್ದ ಗೊಂಬೆಯನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಬೆನ್ನಿಗೆ ಎಣ್ಣೆ ತಿಕ್ಕಿದಳು. ಚಿನ್ನ ತಂದವನಿಗೆ ನೀರು ಉಯ್ಯೋ ಕೆಲಸ ಬಿತ್ತು. "ಬಿಸಿ ನೋಡ್ಲಾ ಮೊದ್ಲು" ಅಂದಳು. ಅವನು ತನ್ನ ಕಿರೀಟವನ್ನೇ ಚೊಂಬು ಮಾಡಿಕೊಂಡು, ಆ ಖಾಲಿ ಚೊಂಬಿನೊಳಗೆ ಬೆರಳದ್ದಿ "ಅಯ್ಯಪ್ಪಾ!" ಅಂತ ಕೈ ಕೊಡವಿದ. ಇಬ್ಬರು ದೇವದೂತರು ಟವೆಲ್ ಹಿಡಿದು ನಿಂತರು. ಕೊನೆಗೆ ಪ್ರೀತಮ್‌ಗೆ ಅಪ್ಪಣೆಯಾಯಿತು, "ಈಗ ಆಕು."

ನಗು ತಡೆಯಲಾಗದೆ ನಾನು ನಾಟಕದ ಪುಸ್ತಕ ಮುಚ್ಚಿಟ್ಟೆ. ಇದನ್ನೇ ಆಡಿಸೋದು ಅಂತ ತೀರ್ಮಾನ ಆಗಿದೆ. ಶುಕ್ರವಾರ ಯೇಸುವಿನ ಜನನ ನೋಡೋಕೆ ಬಂದವರು ಮೇರಿಯ ಬಾಣಂತನ ಮುಗಿಸಿಕೊಂಡೇ ಮನೆಗೆ ಹೋಗ್ತಾರೆ.