ಮೂರು ಎಲೆ, ಎರಡು ಕಟ್ಟು ಮೆಂತ್ಯ

ಮುಲುಂಡಿನ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು ಮೆಂತ್ಯ ಸೊಪ್ಪಿನದು. ಎಂಬತ್ತರ ದಶಕದ ನಡುವಿನ ಮಾತು. ಫೋರ್ಟಿನ ಒಂದು ಆಫೀಸಿನಲ್ಲಿ ನಾನು ಕ್ಲರ್ಕು. ಸಂಜೆ ವಿ.ಟಿ. ಸ್ಟೇಷನ್ನಿನ ಹೊರಗೆ ತರಕಾರಿ ಕೊಂಡು ಥಾಣೆ ಲೋಕಲ್ ಹತ್ತುತ್ತಿದ್ದೆ. ಒಂದು ಗಂಟೆಯ ದಾರಿಯಲ್ಲಿ ಸೊಪ್ಪು ಬಿಡಿಸಿ, ಹುರುಳಿಕಾಯಿಯ ನಾರು ತೆಗೆದು, ಒಗ್ಗರಣೆಗೆ ಹಾಕುವುದೊಂದೇ ಬಾಕಿ ಎನ್ನುವಂತೆ ಮನೆಗೆ ತರುತ್ತಿದ್ದೆ. ಅತ್ತೆಗೆ ಇದು ಬಹಳ ಮೆಚ್ಚುಗೆಯಾಗಿತ್ತು. ಮೈಸೂರಿನಿಂದ ಬಂದ ಹುಡುಗಿ ಎರಡೇ ತಿಂಗಳಲ್ಲಿ ಬೊಂಬಾಯಿಯ ಕೆಲಸ ಕಲಿತುಬಿಟ್ಟಳು ಎಂದು ಬಿಲ್ಡಿಂಗಿನ ಮೂರು ಮಹಡಿಗೂ ಹೇಳಿ ಬಂದಿದ್ದರು.

ನಿಜ ಏನೆಂದರೆ ಆ ಮೆಂತ್ಯವನ್ನು ಬಿಡಿಸುತ್ತಿದ್ದವಳು ಯಾವಾಗಲೂ ನಾನೇ ಆಗಿರಲಿಲ್ಲ.

ಲೇಡೀಸ್ ಡಬ್ಬದಲ್ಲಿ ಕಿಟಕಿಯ ಪಕ್ಕ ಎದುರುಬದುರಾಗಿ ಕೂರುವ ಮೂವರು ನನ್ನನ್ನು ತಮ್ಮ ಗುಂಪಿಗೆ ಸೇರಿಸಿಕೊಂಡಿದ್ದರು. ಒಬ್ಬರು ಥಾಣೆಯ ಮರಾಠಿಯವರು, ನಮಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ; ನಿವೃತ್ತಿಗೆ ಹತ್ತಿರವಾದ ಟೆಲಿಫೋನ್ ಆಪರೇಟರ್. ಇನ್ನೊಬ್ಬಳು ನನ್ನ ವಯಸ್ಸಿನ ಗುಜರಾತಿ ಟೈಪಿಸ್ಟ್. ಮೂರನೆಯವರು ಬಿಜಾಪುರದ ಕಡೆಯವರು, ಒಂದು ಸರ್ಕಾರಿ ಕಚೇರಿಯಲ್ಲಿ ಪ್ಯೂನ್. ವಯಸ್ಸು ನಲವತ್ತು ದಾಟಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಹಿಂದಿ, ಮರಾಠಿಯ ನಡುವೆ ನಮ್ಮಿಬ್ಬರದೇ ಒಂದು ಕನ್ನಡ ಇತ್ತು. ಅವರದ್ದು ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಕೇಳಿದರೆ ಅವರಿಗೆ ನಗು ಬರುತ್ತಿತ್ತು.

ನಾವು ನಾಲ್ವರೂ ದಿನಕ್ಕೆ ಒಂದೇ ಒಂದು ಆಟ ಇಸ್ಪೀಟು ಆಡುತ್ತಿದ್ದೆವು. ಮೂರೆಲೆಯ ಆಟ. ತಲೆಗೆ ಮೂರು ಎಲೆ ಬರುತ್ತದೆ. ಮೂರೂ ಒಂದೇ ಆದರೆ ಎಲ್ಲಕ್ಕಿಂತ ಮೇಲು, ಸಾಲಾಗಿ ಬಂದರೆ ಅದರ ಕೆಳಗೆ, ಒಂದೇ ಬಣ್ಣವಾದರೆ ಇನ್ನೂ ಕೆಳಗೆ, ಆಮೇಲೆ ಜೋಡಿ. ಇದೇನೂ ಇಲ್ಲದೆ ಚಿಲ್ಲರೆ ಎಲೆ ಬಂದವರು ಧೈರ್ಯ ಮಾಡಬೇಕು, ಇಲ್ಲವೇ ‘ಪ್ಯಾಕ್’ ಎಂದು ಎಲೆ ಮಡಚಿಡಬೇಕು. ಪಣ ದುಡ್ಡಲ್ಲ, ತರಕಾರಿ. ಗೆದ್ದವಳ ಚೀಲವನ್ನು ಸೋತವರು ಬಿಡಿಸಿಕೊಡಬೇಕು. ಮೊದಲ ಸುತ್ತಿನಲ್ಲೇ ಪ್ಯಾಕ್ ಮಾಡಿದವಳಿಗೆ ಒಂದು ಹಿಡಿ. ಎರಡನೆಯ ಸುತ್ತಿನವರೆಗೆ ಬಂದು ಬಿಟ್ಟರೆ ಅರ್ಧ ಚೀಲ. ಕೊನೆಯವರೆಗೂ ನಿಂತು, ಎಲೆ ತೋರಿಸಿ ಸೋತವಳಿಗೆ ಇಡೀ ಚೀಲ. ವಿ.ಟಿ. ಬಿಟ್ಟು ಭಾಯಖಳಾ ಬರುವುದರೊಳಗೆ ಆಟ ಮುಗಿದು, ಅಲ್ಲಿಂದ ಮುಂದೆ ಗೆದ್ದವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆಯುತ್ತಿದ್ದಳು, ಉಳಿದವರು ಅವಳ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

ಮೊದಲ ತಿಂಗಳು ನಾನು ಎಂಥ ಎಲೆ ಬಂದರೂ ಆಡಿದೆ. ಒಂದು ರಾಣಿ ಕಂಡರೆ ಸಾಕು, ಮನಸ್ಸು ಹಿಗ್ಗುತ್ತಿತ್ತು. ಆ ತಿಂಗಳು ಮಾವಶಿಯ ಮನೆಯ ಗೋರಿಕಾಯಿಯನ್ನೆಲ್ಲ ನಾನೇ ಬಿಡಿಸಿದೆ ಎಂದರೂ ತಪ್ಪಾಗಲಾರದು. ಬೆರಳ ತುದಿ ಹಸಿರಾಗಿ, ಆಫೀಸಿನಲ್ಲಿ ಕಾಗದದ ಮೇಲೆಲ್ಲ ಗುರುತು ಬೀಳುತ್ತಿತ್ತು.

ಒಂದು ಭಾನುವಾರ, ಅತ್ತೆ ಮಲಗಿದ್ದಾಗ, ಅಡುಗೆಮನೆಯಲ್ಲಿ ಕೂತು ನನಗೆ ನಾನೇ ಎಲೆ ಹಂಚಿಕೊಂಡು ನೋಡಿದೆ. ಮತ್ತೆ ಮತ್ತೆ ಹಂಚಿ, ಪ್ರತಿ ಸಲ ಬಂದದ್ದನ್ನು ಹಳೆಯ ಡೈರಿಯಲ್ಲಿ ಗೆರೆ ಎಳೆದು ಬರೆದೆ. ಹೆಚ್ಚುಕಡಿಮೆ ನಾಲ್ಕು ಸಲಕ್ಕೆ ಒಮ್ಮೆ ಮಾತ್ರ ಜೋಡಿ ಅಥವಾ ಅದಕ್ಕಿಂತ ಮೇಲಿನದು ಬರುತ್ತಿತ್ತು. ಉಳಿದ ಮೂರು ಸಲ ಬರುವುದು ಕಸ. ಅಂದೇ ತೀರ್ಮಾನಿಸಿದೆ: ಜೋಡಿ ಇದ್ದರೆ ಆಟ, ಇಲ್ಲದಿದ್ದರೆ ಮೊದಲ ಸುತ್ತಿನಲ್ಲೇ ಪ್ಯಾಕ್, ಒಂದು ಹಿಡಿ ಬಿಡಿಸಿ ಕೈ ತೊಳೆದುಕೊಳ್ಳುವುದು.

ಸೋಲೇನೋ ಕಡಿಮೆಯಾಯಿತು. ಗೆಲುವು ಮಾತ್ರ ವಿಚಿತ್ರವಾಯಿತು. ನಾನು ಆಡುತ್ತೇನೆ ಎಂದ ಕೂಡಲೇ ಮೂವರೂ ಎಲೆ ಮಡಚಿಡುತ್ತಿದ್ದರು. ಮೂರು ಎಕ್ಕ ಬಂದ ದಿನವೂ ನನಗೆ ದಕ್ಕಿದ್ದು ಮೂರೇ ಹಿಡಿ ಸೊಪ್ಪು, ಮಿಕ್ಕದ್ದನ್ನು ನಾನೇ ಬಿಡಿಸಿಕೊಂಡು ಹೋದೆ. ಇದ್ಯಾಕೆ ಹೀಗೆ ಎಂದು ಅಕ್ಕನನ್ನು ಕೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ ಹೇಳಿದರು:

“ನೀ ಎಲಿ ನೋಡಿ ಆಡ್ತಿ ತಂಗಿ. ನಾವು ನಿನ್ನ ನೋಡಿ ಆಡ್ತೀವಿ.”

ಈ ಮಾತು ನನ್ನನ್ನು ಎರಡು ದಿನ ಕಾಡಿತು. ಮೂರನೆಯ ದಿನ ಅದರಿಂದಲೇ ಒಂದು ಕಿಡಿಗೇಡಿತನ ಹೊಳೆಯಿತು. ನಾನು ಬಾಯಿ ತೆರೆದರೆ ಇವರು ಹೆದರುತ್ತಾರೆ ಎಂದಮೇಲೆ, ಕೈಯಲ್ಲಿ ಏನಿದ್ದರೇನು?

ಮೊದಲು, ದಿನಾ ನಾನೇ ಎಲೆ ಹಂಚುತ್ತೇನೆ ಎಂದು ಮುಂದೆ ಬಂದೆ. ಮಾವಶಿ ಇದನ್ನು ಕಿರಿಯಳ ಒಳ್ಳೆಯ ನಡತೆ ಎಂದೇ ತಿಳಿದರು. ಹಂಚಿದವಳು ಕೊನೆಯಲ್ಲಿ ಮಾತಾಡುವುದು ನಮ್ಮ ಕ್ರಮವಾಗಿತ್ತು. ಮೂವರೂ ಹೇಳಿಯಾದ ಮೇಲೆ ನನ್ನ ಸರದಿ; ಅಷ್ಟರಲ್ಲಿ ‘ಆಡ್ತೀನಿ’ ಎಂದುಬಿಟ್ಟವರು ಆಮೇಲೆ ಹೆದರಿ ಬಿಟ್ಟರೂ ಅರ್ಧ ಚೀಲ ತಪ್ಪುತ್ತಿರಲಿಲ್ಲ. ಮಾವಶಿ ಒಳ್ಳೆಯ ಎಲೆ ಬಂದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಟೈಪಿಸ್ಟ್ ಕೆಟ್ಟ ಎಲೆ ಬಂದಾಗ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು. ಇಬ್ಬರೂ ಸುಮ್ಮನೆ, ಮನಸ್ಸಿಲ್ಲದ ಮನಸ್ಸಿನಿಂದ ‘ಆಡ್ತೀನಿ’ ಎಂದ ದಿನಗಳಲ್ಲಿ ನಾನು ಎರಡು, ಆರು, ಒಂಬತ್ತು ಹಿಡಿದುಕೊಂಡು ಗಂಭೀರವಾಗಿ ‘ಆಡ್ತೀನಿ’ ಎನ್ನತೊಡಗಿದೆ. ಎರಡನೆಯ ಸುತ್ತಿನಲ್ಲಿ ಎಲ್ಲರೂ ಪ್ಯಾಕ್. ಅರ್ಧ ಚೀಲ ಒಬ್ಬರಿಗೆ, ಅರ್ಧ ಚೀಲ ಇನ್ನೊಬ್ಬರಿಗೆ. ನಾನು ಕಿಟಕಿಗೆ ತಲೆಯಾನಿಸಿ ಭಾಂಡೂಪ್‌ವರೆಗೆ ನಿದ್ದೆ. ಗೆದ್ದವಳ ಎಲೆಯನ್ನು ಯಾರೂ ತೆಗೆದು ನೋಡುವಂತಿರಲಿಲ್ಲವಾದ್ದರಿಂದ ಈ ಸುಖ ಸುಮಾರು ಕಾಲ ನಡೆಯಿತು.

ತೊಂದರೆ ಶುರುವಾದದ್ದು ಮನೆಯಲ್ಲಿ. ಒಂದು ಸಂಜೆ ಅತ್ತೆ ಸೊಪ್ಪನ್ನು ಮೊರದ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಒಂದೇ ಕಟ್ಟಿನ ಸೊಪ್ಪಿನಲ್ಲಿ ಅರ್ಧಕ್ಕೆ ದಂಟು ಉದ್ದ, ಇನ್ನರ್ಧಕ್ಕೆ ದಂಟೇ ಇಲ್ಲ, ಇದು ಹೇಗಾಯಿತು ಎಂದು ಕೇಳಿದರು. ಟ್ರೇನು ಅಲ್ಲಾಡುತ್ತೆ ಅತ್ತೆ ಎಂದೆ. ಅವರು ಹೂಂ ಎಂದರು. ಆ ಹೂಂ ನನಗೆ ಹಿಡಿಸಲಿಲ್ಲ. ಅವರ ತವರಿನಲ್ಲಿ ವರ್ಷಕ್ಕೊಮ್ಮೆ ಶಿವರಾತ್ರಿಯ ಜಾಗರಣೆಗೆ ಮಾತ್ರ ಇಸ್ಪೀಟು ಹೊರಗೆ ಬರುತ್ತಿತ್ತಂತೆ. ಬೇರೆ ದಿನ ಅದನ್ನು ಮುಟ್ಟಿದ ಹೆಂಗಸು ಕೆಟ್ಟಳೆಂದೇ ಲೆಕ್ಕ. ಲೋಕಲ್ ಟ್ರೇನಿನಲ್ಲಿ ನಾನು ಆಡುತ್ತೇನೆ ಎಂದು ಹೇಳುವುದಾದರೂ ಹೇಗೆ?

ಮುಂದಿನ ಚಳಿಗಾಲದಲ್ಲಿ ಅತ್ತೆಯ ಕಣ್ಣು ಮಂಜಾಗತೊಡಗಿ, ಫೋರ್ಟಿನ ಡಾಕ್ಟರಿಗೆ ತೋರಿಸಬೇಕಾಯಿತು. ಗಂಡನಿಗೆ ರಜೆ ಸಿಗಲಿಲ್ಲ, ನಾನೇ ಕರೆದುಕೊಂಡು ಹೊರಟೆ. ಹೋಗುವಾಗ ಅತ್ತೆ ಹಟ ಹಿಡಿದು ಮಾಟುಂಗದಲ್ಲಿ ಇಳಿದರು. ಅಲ್ಲಿ ಅವರೆಕಾಯಿ ಬಂದಿದೆಯೆಂದು ಯಾರೋ ಹೇಳಿದ್ದರಂತೆ. ಎರಡು ಕಿಲೋ ಕೊಂಡು, ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಡಾಕ್ಟರ ಕೋಣೆಯ ಹೊರಗೆ ಕೂತರು. ಸೊಗಡು ಅವರೆಯ ವಾಸನೆ ಇಡೀ ದವಾಖಾನೆಗೆ ಹರಡಿತು. ಡಾಕ್ಟರು ಕಣ್ಣಿಗೆ ಡ್ರಾಪ್ಸ್ ಹಾಕಿ ಪರೀಕ್ಷಿಸಿ, ಆಪರೇಷನ್ ಈಗಲೇ ಬೇಡವೆಂದರು. ಡ್ರಾಪ್ಸಿನಿಂದಾಗಿ ಮೂರು ನಾಲ್ಕು ಗಂಟೆ ಹತ್ತಿರದ್ದು ಕಾಣುವುದಿಲ್ಲ, ಹುಷಾರಾಗಿ ಕರೆದುಕೊಂಡು ಹೋಗಿ ಎಂದು ನನಗೆ ಹೇಳಿದರು.

ವಿ.ಟಿ.ಗೆ ಬಂದು ನಾನು ಬದನೆಕಾಯಿ ಕೊಳ್ಳುವಷ್ಟರಲ್ಲಿ ನಮ್ಮ ಟ್ರೇನಿನದೇ ಹೊತ್ತಾಗಿತ್ತು. ಬೇರೆ ಡಬ್ಬ ಹತ್ತೋಣವೆಂದು ನಾನು ಪ್ರಯತ್ನಪಟ್ಟೆ. ಆದರೆ ಕಿಟಕಿಯಿಂದ ಮಾವಶಿಯೇ ಕೈ ಬೀಸಿ, ಮುದುಕಿಗೆ ಜಾಗ ಇದೆ ಎಂದು ಕೂಗಿ ಕರೆದರು. ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿ, ಅವರ ತಲೆಯ ಮೇಲಿಂದ ಮೂವರಿಗೂ ಕಣ್ಣಲ್ಲೇ ಬೇಡಿಕೊಂಡೆ. ಟೈಪಿಸ್ಟಿಗೆ ಅರ್ಥವಾಯಿತು. ಮಾವಶಿ ಮಾತ್ರ ಅಭ್ಯಾಸಬಲದಿಂದ ಎಲೆ ತೆಗೆದು ಕಲೆಸತೊಡಗಿದರು.

ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಚೆನ್ನಾಗಿತ್ತು.

“ಅದು ಇಸ್ಪೀಟ್ ಎಲೆ ಸದ್ದಲ್ವೇನೇ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿಬಿಟ್ಟರು: “ಹೌದ್ರೀ ಅಮ್ಮಾರ. ದಿನಾ ಆಡ್ತೀವಿ. ನಿಮ್ಮ ಸೊಸಿನೂ ಆಡ್ತಾಳ.”

ಟ್ರೇನು ಹೊರಟಿತು. ಮಸ್ಜಿದ್ ಸ್ಟೇಷನ್ ಬರುವವರೆಗೂ ಅತ್ತೆ ಅವರೆಕಾಯಿ ಚೀಲದ ಹಿಡಿಯನ್ನು ತಿರುಚುತ್ತ ಕೂತಿದ್ದರು. ಮೈಸೂರಿಗೆ ವಾಪಸು ಕಳಿಸುವ ಟ್ರೇನು ಎಷ್ಟು ಹೊತ್ತಿಗೆ ಎಂದು ನಾನು ಯೋಚಿಸುತ್ತಿದ್ದೆ. ಆಮೇಲೆ ಅವರು ಅಕ್ಕನ ದನಿ ಬಂದ ಕಡೆ ತಿರುಗಿ, ಗೆದ್ದರೆ ಏನು ಸಿಗುತ್ತದೆಂದು ಕೇಳಿದರು. ಅಕ್ಕ ಒಂದು ಹಿಡಿ, ಅರ್ಧ ಚೀಲ, ಇಡೀ ಚೀಲದ ಲೆಕ್ಕವನ್ನು ಬಿಡಿಸಿ ಹೇಳಿದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಚೀಲವನ್ನು ನಡುವೆ ಇಟ್ಟರು.

“ನನಗೂ ಮೂರು ಹಾಕಿ.”

ಮಾವಶಿ ಐದು ಜನಕ್ಕೆ ಹಂಚಿದರು. ಅತ್ತೆ ತಮ್ಮ ಮೂರೆಲೆಯನ್ನು ಎತ್ತಲೇ ಇಲ್ಲ. ಎತ್ತಿದರೂ ಕಾಣುತ್ತಿರಲಿಲ್ಲ. ಅದರ ಮೇಲೆ ಅಂಗೈ ಇಟ್ಟು ಆಡ್ತೀನಿ ಎಂದರು. ಟೈಪಿಸ್ಟ್ ಪ್ಯಾಕ್. ನನ್ನ ಕೈಯಲ್ಲಿ ಎರಡು ರಾಜ ಬಂದಿದ್ದವು, ಆಡ್ತೀನಿ ಎಂದೆ. ಅಕ್ಕನೂ ಆಡ್ತೀನಿ ಎಂದರು. ಮಾವಶಿ ಪ್ಯಾಕ್.

ಎರಡನೆಯ ಸುತ್ತಿಗೂ ಅತ್ತೆ ಆಡ್ತೀನಿ ಎಂದಾಗ ನಾನು ನನ್ನ ಎರಡು ರಾಜರನ್ನು ನೋಡಿದೆ. ನನ್ನ ಡೈರಿಯ ಪ್ರಕಾರ ಇದನ್ನು ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಇಲ್ಲಿ ಗೆದ್ದರೆ ನನ್ನ ಚೀಲದ ಬದನೆಕಾಯಿಯನ್ನು ಅತ್ತೆ ಹೆಚ್ಚಬೇಕು. ಸೋತರೆ ಅವರ ಅವರೆಕಾಯಿಯನ್ನು ನಾನು ಸುಲಿಯಬೇಕು, ಅದು ಹೇಗೂ ಮನೆಗೆ ಹೋದ ಮೇಲೆ ನನ್ನ ಪಾಲಿಗೇ ಬರುವುದು. ಇಬ್ಬರು ರಾಜರನ್ನೂ ಬೋರಲು ಹಾಕಿ ಪ್ಯಾಕ್ ಎಂದೆ. ಅಷ್ಟು ಒಳ್ಳೆಯ ಎಲೆಯನ್ನು ಅಷ್ಟು ಸಂತೋಷದಿಂದ ನಾನು ಮತ್ತೆಂದೂ ಬಿಟ್ಟಿಲ್ಲ.

ಉಳಿದದ್ದು ಅಕ್ಕ ಮತ್ತು ಅತ್ತೆ. ಅಕ್ಕ ಮುಂದೆ ಬಾಗಿ ಅತ್ತೆಯ ಮುಖ ಹುಡುಕತೊಡಗಿದರು. ಡ್ರಾಪ್ಸಿನಿಂದ ಅರಳಿದ ಆ ಕಣ್ಣುಗಳು ಅಕ್ಕನ ಕಿವಿಯ ಪಕ್ಕ ಎಲ್ಲೋ ದೂರ ನೋಡುತ್ತಿದ್ದವು. ಅಕ್ಕ, ಒಮ್ಮೆಯಾದರೂ ಯಾರ ಕೈಲಾದರೂ ಎಲೆ ಓದಿಸಿಕೊಂಡು ಆಡಿ ಎಂದು ಹೇಳಿ ನೋಡಿದರು.

“ತಿಳ್ಕೊಂಡ್ರೆ ಭಯ ಆಗುತ್ತಮ್ಮ,” ಎಂದರು ಅತ್ತೆ. “ತಿಳ್ಕೊಳ್ಳದೆ ಇದ್ರೆ ಎಲ್ಲಾ ಒಳ್ಳೆ ಎಲೇನೇ.”

ಸ್ಯಾಂಡ್‌ಹರ್ಸ್ಟ್ ರೋಡ್ ದಾಟಿತು. ಅಕ್ಕ ತಮ್ಮ ಎಲೆಯನ್ನು ಇನ್ನೊಮ್ಮೆ ನೋಡಿ, ಉಸಿರು ಬಿಟ್ಟು, ಮಡಚಿಟ್ಟರು. ಅತ್ತೆಯ ಮೂರೆಲೆಯನ್ನು ಅತ್ತೆಯೇ, ಏನು ಬಂದಿತ್ತು ಓದೇ ಎಂದು ನನ್ನ ಕೈಗೆ ಕೊಟ್ಟರು. ಮೂರು, ಏಳು, ಹತ್ತು, ಒಂದಕ್ಕೊಂದು ಸಂಬಂಧವಿಲ್ಲ. ನಾನು ಗಟ್ಟಿಯಾಗಿ ಓದಿದೆ. ಅಕ್ಕ ತಮ್ಮ ಎಲೆಯನ್ನು ತಿರುವಿ ತೋರಿಸಿದರು, ಮೂರೂ ಕೆಂಪು ಹಾರ್ಟು. ಇಷ್ಟು ವರ್ಷದಲ್ಲಿ ಯಾರ ಮಾರಿ ನೋಡಿದ್ರೂ ಏನರ ತಿಳೀತಿತ್ತು, ಈ ಅಮ್ಮಾರ ಮಾರ್‍ಯಾಗ ಅವರಿಗೇ ಏನೂ ಗೊತ್ತಿರಲಿಲ್ಲ ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ದಾದರಿನಿಂದ ಆಚೆ ನಾಲ್ವರೂ ಅವರೆಕಾಯಿ ಸುಲಿದೆವು. ಮಾವಶಿ ಒಂದು ಕಾಯಿ ಮೂಸಿ, ಇದು ನಮ್ಮ ಪಾವಟೆಯೇ, ಇದಕ್ಕಾಗಿ ಮಾಟುಂಗದಲ್ಲಿ ಇಳಿಯಬೇಕಿತ್ತೇ ಎಂದು ಮರಾಠಿಯಲ್ಲಿ ಕೇಳಿದರು. ಅದು ಅಲ್ಲವೇ ಅಲ್ಲ ಎಂದು ಅತ್ತೆ ಕನ್ನಡದಲ್ಲಿ ವಾದಿಸಿದರು. ಒಬ್ಬರ ಭಾಷೆ ಒಬ್ಬರಿಗೆ ಬಾರದೆ, ಕಂಜೂರ್‌ಮಾರ್ಗದವರೆಗೆ ಜಗಳ ಬಹಳ ಚೆನ್ನಾಗಿ ನಡೆಯಿತು.

ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಬರುವಾಗ ನಾನು ಕ್ಷಮೆ ಕೇಳಲು ಶುರುಮಾಡಿದೆ. ಅತ್ತೆ ತಡೆದರು. “ಮೂರು ಕೈ ಬಿಡಿಸಿದ ಮೆಂತ್ಯ ಅಂತ ನನಗೆ ಹೋದ ವರ್ಷವೇ ಗೊತ್ತಿತ್ತು ಕಣೆ. ದುಡ್ಡು ಕೊಟ್ಟು ಯಾರ ಕೈಲೋ ಮಾಡಿಸ್ತಿದೀಯ ಅಂದ್ಕೊಂಡು ಬೇಜಾರಾಗಿದ್ದೆ. ಗೆದ್ದು ಮಾಡಿಸಿದ್ರೆ ಏನು ತಪ್ಪು?” ಮಗನಿಗೆ ಹೇಳುವುದು ಬೇಡ, ಅವನಿಗೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ ಎಂದೂ ಸೇರಿಸಿದರು.

ಮರುದಿನದಿಂದ ಅವರ ತರಕಾರಿ ಪಟ್ಟಿಯೇ ಬದಲಾಯಿತು. ಸೋಮವಾರ ಬಾಳೆಹೂವು ತಾ ಎಂದರು. ಬಾಳೆಹೂವನ್ನು ಬಿಡಿಸುವುದೆಂದರೆ ಒಂದೊಂದು ಎಸಳೊಳಗಿನ ನರ ಕೀಳಬೇಕು, ಕೈಯೆಲ್ಲ ಕಪ್ಪಾಗುತ್ತದೆ. ನಾನು ಗೆದ್ದೆ. ಬುಧವಾರ ಮತ್ತೆ ಬಾಳೆಹೂವು. ಮತ್ತೆ ಗೆದ್ದೆ. ಗುರುವಾರ ಟೈಪಿಸ್ಟ್ ಕಪ್ಪಾದ ಉಗುರುಗಳನ್ನು ಎಲ್ಲರ ಮುಂದೆ ಹಿಡಿದು, ತನ್ನ ಸಾಹೇಬರು ಇವುಗಳನ್ನು ನೋಡಿ ಏನು ಕೇಳಿದರೆಂದು ವರದಿ ಒಪ್ಪಿಸಿದಳು. ಅಲ್ಲಿಗೆ ಬಾಳೆಹೂವು, ಹಲಸಿನಕಾಯಿ, ನುಗ್ಗೆಸೊಪ್ಪು ಈ ಆಟಕ್ಕೆ ತರುವಂತಿಲ್ಲ ಎಂದು ಮಾವಶಿ ತೀರ್ಪು ಕೊಟ್ಟರು. ಮನೆಗೆ ಬಂದು ಹೇಳಿದಾಗ ಅತ್ತೆಗೆ ಬಹಳ ನಿರಾಶೆಯಾಯಿತು.

ತೊಂಬತ್ತರ ದಶಕದ ಆರಂಭದಲ್ಲಿ ನನ್ನನ್ನು ಗೋರೆಗಾಂವ್ ಆಫೀಸಿಗೆ ವರ್ಗ ಮಾಡಿದರು. ಇನ್ನು ವೆಸ್ಟರ್ನ್ ಲೈನಿನಲ್ಲಿ ದಾದರಿಗೆ ಬಂದು ಬದಲಿಸಬೇಕು. ಆ ಹೊತ್ತಿಗೆ ಮಾವಶಿ ನಿವೃತ್ತರಾಗಿದ್ದರು, ಟೈಪಿಸ್ಟ್ ಬೇರೆ ಕಡೆ ಕೆಲಸ ಹಿಡಿದಿದ್ದಳು. ಕೊನೆಯ ಸಂಜೆ ಅಕ್ಕ ನನಗೆ ಎಲೆ ಹಂಚಿ, ನಾನು ನೋಡುವ ಮೊದಲೇ ತಾವು ಪ್ಯಾಕ್ ಎಂದು, ನನ್ನ ಹುರುಳಿಕಾಯಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಮುಲುಂಡ್ ಬರುವವರೆಗೆ ಒಂದೊಂದಾಗಿ ನಾರು ತೆಗೆದರು.

ಗೋರೆಗಾಂವಿನ ಲೇಡೀಸ್ ಡಬ್ಬದಲ್ಲಿ ಎಲ್ಲರೂ ಸ್ವೆಟರ್ ಹೆಣೆಯುತ್ತಿದ್ದರು. ಒಂದು ವಾರ ನೋಡಿದೆ. ಎರಡನೆಯ ವಾರ ಎಲೆಯ ಕಟ್ಟು ತೆಗೆದೆ. ಮೂವರು ಹುಡುಗಿಯರು ಆಟ ಕಲಿಯುತ್ತೇವೆಂದು ಬಂದರು. ಬಹಳ ತಾಳ್ಮೆಯಿಂದ, ಎಲ್ಲರಿಗೂ ಮೊದಲ ಪಾಠ ಹೇಳಿಕೊಟ್ಟೆ: ಜೋಡಿ ಇದ್ದರೆ ಆಡಿ, ಇಲ್ಲದಿದ್ದರೆ ಕೂಡಲೇ ಪ್ಯಾಕ್ ಮಾಡಿ. ಒಳ್ಳೆಯ ಹುಡುಗಿಯರು, ಹೇಳಿದಂತೆಯೇ ಆಡಿದರು. ಅಕ್ಕ ನನಗೆ ಕಲಿಸಿದ ಎರಡನೆಯ ಪಾಠ ಹೇಳಿಕೊಡಲು ನನಗೆ ಒಂದು ತಿಂಗಳ ಮೇಲೆ ಹಿಡಿಯಿತು. ಆ ತಿಂಗಳು ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಹುರುಳಿಕಾಯಿ ಪಲ್ಯ.