ಏಳು ಗಂಟೆಯ ಪತ್ತೇದಾರಿ

ಪತ್ತೇದಾರಿ ಧಾರಾವಾಹಿಗಳಲ್ಲಿ ಅಪರಾಧಿ ಯಾರೆಂದು ಮೂರನೆಯ ಕಂತಿಗೇ ಸಾರಿಬಿಡುವ ಚಟ ನನಗಿದೆ. ನನ್ನ ಊಹೆ ಇದುವರೆಗೆ ಒಮ್ಮೆಯೂ ನಿಜವಾಗಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ ಇದು ಶೋಭೆಯಲ್ಲ. ಆದರೆ ಒಬ್ಬಳೇ ಇರುವ ಮನೆಯಲ್ಲಿ ತಪ್ಪು ಊಹಿಸಿದರೆ ನಗುವವರು ಯಾರೂ ಇರುವುದಿಲ್ಲ. ಅದೊಂದು ಅನುಕೂಲ. ಬೇಸರವೂ ಅದೇ.

ಜಮಖಂಡಿಯಿಂದ ಬನಹಟ್ಟಿಗೆ ವರ್ಗವಾಗಿ ಬಂದು ನಾನು ಹಿಡಿದ ಬಾಡಿಗೆ ಮನೆಯ ಮೂರು ದಿಕ್ಕಿಗೂ ಮಗ್ಗಗಳು. ಮೊದಲ ವಾರ ಆ ಖಟಖಟಕ್ಕೆ ತಲೆನೋವು ಬಂತು. ಎರಡನೆಯ ತಿಂಗಳ ಹೊತ್ತಿಗೆ ಕರೆಂಟು ಹೋಗಿ ಸದ್ದು ನಿಂತರೆ, ಜೊತೆಯಲ್ಲಿ ಕೂತಿದ್ದವರು ಎದ್ದು ಹೋದಂತೆ ಅನ್ನಿಸತೊಡಗಿತು. ರವಿವಾರ ಊರಿಗೆ ಹೋಗಿಬರುತ್ತೇನೆ ಎಂದು ಶಾಲೆಯಲ್ಲಿ ಹೇಳುತ್ತಿದ್ದೆ. ಜಮಖಂಡಿಯಲ್ಲಿ ನನ್ನವರೆಂಬವರು ಯಾರೂ ಉಳಿದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು, ಮುಂದಿನ ಬಸ್ಸಿಗೆ ವಾಪಸು ಬರುತ್ತಿದ್ದೆ.

ಹೀಗಿರುವಾಗ ಪಕ್ಕದ ಮನೆಯ ಶಾಂತವ್ವ ಬಂದಳು. ಐವತ್ತರ ಆಸುಪಾಸಿನವಳು, ಮಗ್ಗದವರಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಟ್ಟು ಬದುಕುವವಳು. ತನ್ನ ಟಿ.ವಿ. ಕೆಟ್ಟಿದೆ, ಏಳು ಗಂಟೆಯ ಧಾರಾವಾಹಿಯನ್ನು ನಿಮ್ಮಲ್ಲಿ ನೋಡಬಹುದೇ ಎಂದು ಕೇಳಿದಳು. ಅಂದಿನಿಂದ ವರ್ಷವಿಡೀ ದಿನವೂ ಬಂದಳು. ಅವಳ ಕಥೆಯನ್ನು ಓಣಿಯವರು ಅದಕ್ಕೂ ಮೊದಲೇ ನನಗೆ ಹೇಳಿದ್ದರು. ಹನ್ನೊಂದು ವರ್ಷದ ಹಿಂದೆ ಅವಳ ಗಂಡ ಬೀಳಗಿ ಕಡೆಯ ಅನಗವಾಡಿಗೆ ಸಂಬಂಧಿಕರ ಮದುವೆಗೆಂದು ಹೋದವನು ತಿರುಗಿ ಬರಲಿಲ್ಲ. ಅಲ್ಲಿನ ಹೊಳೆ ಒಯ್ದಿರಬೇಕು ಎಂದರು ಕೆಲವರು. ಶಾಂತವ್ವ ಮಾತ್ರ ಬಳೆ ಒಡೆಯಲೂ ಇಲ್ಲ, ಕುಂಕುಮ ಅಳಿಸಲೂ ಇಲ್ಲ. ಕೇಳಿದವರಿಗೆಲ್ಲ, ಸಿಗಲಿಲ್ಲ ಎಂದಷ್ಟೇ ಹೇಳುತ್ತಿದ್ದಳಂತೆ.

ಧಾರಾವಾಹಿಯ ಕಥೆಯೂ ಕಾಣೆಯಾದ ಗಂಡನದೇ. ಭೂಮಾಪಕನೊಬ್ಬ ಕೆಲಸಕ್ಕೆ ಹೋದವನು ಮಾಯವಾಗಿದ್ದಾನೆ, ಹೆಂಡತಿ ಹುಡುಕುತ್ತಿದ್ದಾಳೆ. ನಾನು ಸುಳಿವುಗಳನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಗಳಿಗೆ ಬಣ್ಣಗಳ ಹೆಸರಿಡುತ್ತಿದ್ದರು: ಕಪ್ಪು, ನೀಲಿ, ಹಳದಿ. ನಾನೂ ಶಂಕಿತರಿಗೆ ಬಣ್ಣ ಹಂಚಿದ್ದೆ. ನಡುನಡುವೆ ಆ ಹೆಂಡತಿ ಎರಡು ತಾಟು ಇಟ್ಟು ಒಬ್ಬಳೇ ಉಣ್ಣುವ ದೃಶ್ಯ ಬಂದರೆ, ಪತ್ತೇದಾರಿಗೂ ಪ್ರೀತಿಗೂ ಏನು ಸಂಬಂಧ, ವೇಳೆ ಹಾಳು, ಎಂದು ಗೊಣಗುತ್ತಿದ್ದೆ. ಶಾಂತವ್ವ ಸರಿಯಾಗಿ ಅಲ್ಲಿಯೇ ಮುಂದೆ ಬಾಗಿ ನೋಡುತ್ತಿದ್ದಳು. ಪೊಲೀಸರ ವಿಚಾರಣೆ ಬಂದರೆ ಎದ್ದು ನೀರು ಕುಡಿದು ಬರುತ್ತಿದ್ದಳು.

ನನಗೆ ತಾಳ್ಮೆ ಕಡಿಮೆ. ಮೊಬೈಲಿನಲ್ಲಿ ಮರುದಿನದ ಕಂತು ಮೊದಲೇ ಸಿಗುತ್ತದೆಂದು ಗೊತ್ತಾಗಿ, ಒಂದು ಮಧ್ಯಾಹ್ನ ನೋಡಿಬಿಟ್ಟೆ. ನನ್ನ ಕಪ್ಪು, ನೀಲಿ, ಹಳದಿ ಎಲ್ಲರೂ ನಿರಪರಾಧಿಗಳು. ಕೊಲೆಯೇ ಆಗಿರಲಿಲ್ಲ. ಗಂಡ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿ ಸುಖವಾಗಿದ್ದ.

ಊಹೆ ತಪ್ಪಿದ್ದಕ್ಕೆ ಅಂದು ನಾಚಿಕೆಯಾಗಲಿಲ್ಲ, ಹೆದರಿಕೆಯಾಯಿತು. ಇದನ್ನು ಶಾಂತವ್ವ ನೋಡುವುದು ಹೇಗೆ? ಏಳಕ್ಕೆ ಐದು ನಿಮಿಷ ಇರುವಾಗ ಟಿ.ವಿ.ಯ ಹಿಂದಿನ ವೈರನ್ನು ಕಿತ್ತಿಟ್ಟೆ. ಅವಳು ಬಂದಾಗ, ಯಾಕೋ ಚಿತ್ರ ಬರುತ್ತಿಲ್ಲ ಎಂದೆ. ಅವಳು ನನ್ನ ಮುಖ ನೋಡಿ, ಟಿ.ವಿ.ಯ ಹಿಂದೆ ಹೋಗಿ, ವೈರನ್ನು ಅದರ ಜಾಗಕ್ಕೆ ಸಿಕ್ಕಿಸಿ ಬಂದು ಕೂತಳು. ಇಡೀ ಕಂತು ನೋಡಿದಳು. ಕಣ್ಣಲ್ಲಿ ಹನಿ ಬರಲಿಲ್ಲ. ಜಾಹೀರಾತು ಶುರುವಾದ ಮೇಲೆ ಮೆಲ್ಲಗೆ ಹೇಳಿದಳು:

"ಅಕ್ಕೋರ, ನನ್ನ ಗಂಡ ಹೊಳ್ಯಾಗ ಹೋಗಿಲ್ರಿ. ಇಚಲಕರಂಜ್ಯಾಗ ಅದಾನ. ಎಂಟ ವರ್ಷ ಆತು, ನಾ ಕಣ್ಣಾರೆ ನೋಡಿ ಬಂದೇನಿ."

ಗಡಿಯಾಚೆಯ ಆ ಊರಿಗೆ ಮಗ್ಗದ ಕೆಲಸಕ್ಕೆ ಹೋಗಿಬಂದವರೊಬ್ಬರು ಅವಳ ಕಿವಿಯಲ್ಲಿ ಸುದ್ದಿ ಹಾಕಿದ್ದರು. ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದಳು. ಮನೆಯೊಂದರ ಕಟ್ಟೆಯ ಮೇಲೆ ಕೂತು ಅವನು ಪುಟ್ಟ ಹೆಣ್ಣುಮಗುವಿಗೆ ಜಡೆ ಹಾಕುತ್ತಿದ್ದ. ಸರಿಯಾಗಿ ಹಾಕಲು ಬರದೆ ಬಿಚ್ಚಿ ಬಿಚ್ಚಿ ಮತ್ತೆ ಹೆಣೆಯುತ್ತಿದ್ದ. ರಸ್ತೆಯ ಈಚೆ ನಿಂತು ಜಡೆ ಮುಗಿಯುವವರೆಗೆ ನೋಡಿ ಅವಳು ಹಿಂದಿರುಗಿದಳು. ಅವನು ತಲೆ ಎತ್ತಲಿಲ್ಲ.

ಊರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಸತ್ತಾನ ಅಂದ್ರ ಸುಳ್ಳಾಗತೈತಿ. ಬಿಟ್ಟ ಹ್ವಾದ ಅಂದ್ರ ಅವನ ಹೆಸರ ಕೆಡತೈತಿ. ಅದಕ್ಕ ಸಿಗಲಿಲ್ಲ ಅಂದೆ. ಅದೂ ಖರೇನ ಅಲ್ರಿ, ಅವಾ ನನಗ ಸಿಗಲಿಲ್ಲ."

ತಾನು ಸುಮ್ಮನೆ ಬಂದದ್ದು ಸರಿಯೋ ತಪ್ಪೋ ಅವಳಿಗೆ ಇವತ್ತಿಗೂ ತಿಳಿದಿಲ್ಲವಂತೆ. ಈ ಧಾರಾವಾಹಿಯವಳು ಏನು ಮಾಡುತ್ತಾಳೆ ನೋಡೋಣವೆಂದು ಕಾದಿದ್ದಳಂತೆ. ನಾನು ವಹಿಯನ್ನು ಮುಚ್ಚಿಟ್ಟೆ. ಅಪರಾಧಿ ಯಾರೆಂಬ ಪ್ರಶ್ನೆ ನನ್ನನ್ನು ಹೆಚ್ಚೆಂದರೆ ಒಂದು ವಾರ ಹಿಡಿದಿಡುತ್ತಿತ್ತು. ಇವಳನ್ನು ಒಂದು ವರ್ಷ ಹಿಡಿದಿಟ್ಟದ್ದು ಆ ಎರಡು ತಾಟು.

ಕೊನೆಯ ಕಂತಿನಲ್ಲಿ ನಾಯಕಿ ಸುರಿಯುವ ಮಳೆಯಲ್ಲಿ ನಿಂತು ಗಂಡನಿಗೆ ಉದ್ದನೆಯ ಭಾಷಣ ಮಾಡಿ, ತಾಳಿ ತೆಗೆದು ಅವನ ಕೈಗಿಟ್ಟಳು. ಶಾಂತವ್ವ, "ಛಲೋ ಮಾತಾಡಿದ್ಳು. ನನಗ ಇಷ್ಟ ಮಾತ ಬರತಿದ್ದಿಲ್ರಿ" ಎಂದಳು. ಸರಿ ತಪ್ಪು ಹೇಳಲು ನಾನು ಹೋಗಲಿಲ್ಲ. ಕೆಲವು ಸಮೀಕರಣಗಳಿಗೆ ಎರಡು ಉತ್ತರಗಳಿರುತ್ತವೆ, ಎರಡೂ ಸರಿ ಎಂದು ಮಕ್ಕಳಿಗೆ ಕಲಿಸಿದವಳು ನಾನೇ.

ಅದರ ಬದಲು, ಇಪ್ಪತ್ತೈದು ವರ್ಷ ಯಾರ ಮುಂದೆಯೂ ಆಡದ ಒಂದು ಹೆಸರನ್ನು ಅವಳಿಗೆ ಹೇಳಿದೆ. ಮುಧೋಳದವರು, ನನ್ನನ್ನು ಮದುವೆಯಾಗಲು ಕೇಳಿದ್ದರು. ನಾನು ಹೂಂ ಎನ್ನಲು ಒಂದು ವಾರ ತಡಮಾಡಿದೆ, ಅವರು ಕಾಯಲಿಲ್ಲ. ಈಗ ಎಲ್ಲಿದ್ದಾರೋ ಗೊತ್ತಿಲ್ಲ ಎಂದೆ.

"ಹಂಗಾದ್ರ ನಿಮ್ದಿನ್ನೂ ಮುಗದಿಲ್ಲ ಅನ್ರಿ" ಎಂದಳು ಶಾಂತವ್ವ. ಇಬ್ಬರಿಗೂ ನಗು ಬಂತು.

ಏಳರ ಹೊತ್ತಿಗೆ ಈಗ ಬರುವ ಹೊಸ ಧಾರಾವಾಹಿ ಅಷ್ಟೇನೂ ಚೆನ್ನಾಗಿಲ್ಲ. ಆದರೂ ಶಾಂತವ್ವ ಬರುತ್ತಾಳೆ. ಎಷ್ಟೋ ದಿನ ನಾವು ಟಿ.ವಿ. ಹಚ್ಚುವುದನ್ನೇ ಮರೆಯುತ್ತೇವೆ.